ಮಾರ್ಗ ಆಯ್ಕೆಯ ಲೆಕ್ಕಾಚಾರ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ

ಪೀಠಿಕೆ

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿಗೆ ಸೇರಿದ ಕೊಗನೊಳ್ಳಿಯು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಮಹಾರಾಷ್ಟ್ರದ ಗಡಿಯನ್ನು ದಾಟಿ ಕರ್ನಾಟಕವನ್ನು ಪ್ರವೇಶಿಸುವ ಗ್ರಾಮವಾಗಿದೆ. ಬಹುಕಾಲ ರಾಷ್ಟ್ರೀಯ ಹೆದ್ದಾರಿ 4 ಎಂದು ಕರೆಯಲಾಗುತ್ತಿದ್ದ ಈ ರಸ್ತೆಗೆ 2010ರ ಮರುಸಂಖ್ಯೆಯ ನಂತರ 48 ಎಂಬ ಸಂಖ್ಯೆ ಬಂದಿತು. ಸುವರ್ಣ ಚತುಷ್ಕೋನ ಯೋಜನೆಯಡಿ ಇದು ಚತುಷ್ಪಥವಾಯಿತು. ಕೊಗನೊಳ್ಳಿಯಿಂದ ಮುಂದೆ ಈ ರಸ್ತೆಯು ನಿಪ್ಪಾಣಿಯನ್ನು ದಾಟಿ, ಸ್ತವನಿಧಿ ಘಟ್ಟವನ್ನೇರಿ, ಸಂಕೇಶ್ವರದ ಮೂಲಕ ಬೆಳಗಾವಿಯ ಕಡೆಗೆ ಸಾಗುತ್ತದೆ.

ರಸ್ತೆಯು ಇದೇ ಹೊಲದ ಮೂಲಕ ಏಕೆ ಹಾದುಹೋಯಿತು, ಅರ್ಧ ಕಿಲೋಮೀಟರ್ ಆಚೆಗೆ ಏಕೆ ಹೋಗಲಿಲ್ಲ ಎಂಬುದು ಹೆದ್ದಾರಿಯ ಬದಿಯಲ್ಲಿ ವಾಸಿಸುವ ಪ್ರತಿಯೊಬ್ಬರಲ್ಲಿಯೂ ಒಂದಲ್ಲ ಒಂದು ದಿನ ಮೂಡುವ ಪ್ರಶ್ನೆ. ಹಣ, ಭೂಮಿ, ಕಾಲ ಇತ್ಯಾದಿ ಮಿತಿಗಳೊಳಗೆ ಸಾಧ್ಯವಿರುವ ಅನೇಕ ಆಯ್ಕೆಗಳಲ್ಲಿ ಅತಿ ಹೆಚ್ಚು ಪ್ರಯೋಜನವನ್ನು ಅಥವಾ ಅತಿ ಕಡಿಮೆ ವೆಚ್ಚವನ್ನು ನೀಡುವ ಆಯ್ಕೆಯನ್ನು ಗಣಿತದ ಮೂಲಕ ಕಂಡುಕೊಳ್ಳುವ ವಿಧಾನಕ್ಕೆ ಆಪ್ಟಿಮೈಸೇಶನ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಅತ್ಯುತ್ತಮ ಆಯ್ಕೆಯ ಗಣಿತ ಎನ್ನಬಹುದು. ಇಂದಿನ ಹೆದ್ದಾರಿ ವಿನ್ಯಾಸದಲ್ಲಿ ಈ ಗಣಿತಕ್ಕೆ ಮಹತ್ವದ ಸ್ಥಾನವಿದೆ.

ಈ ಗಣಿತವು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯುವುದಕ್ಕೆ ಬಹಳ ಮೊದಲೇ ಅದರ ತತ್ತ್ವವನ್ನು ಸಾರ್ವಜನಿಕ ಕಾಮಗಾರಿಗಳಲ್ಲಿ ಅನುಸರಿಸಿದ ಅಭಿಯಂತರರಲ್ಲಿ ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪ್ರಮುಖರು. ಅವರ ಜೀವನವನ್ನು ಈ ದೃಷ್ಟಿಯಿಂದ ಸಂಕ್ಷಿಪ್ತವಾಗಿ ಇಲ್ಲಿ ಪರಿಚಯಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯವರನ್ನು ಕಳೆದುಕೊಂಡ ಅವರು ಕಷ್ಟದಲ್ಲಿಯೇ ವಿದ್ಯಾಭ್ಯಾಸವನ್ನು ಮುಂದುವರಿಸಿ, 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಸಿವಿಲ್ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು.

ಮುಂಬಯಿ ಪ್ರಾಂತದ ಸೇವೆ

1884ರಲ್ಲಿ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಅಭಿಯಂತರರಾಗಿ ನಾಸಿಕದಲ್ಲಿ ಸೇವೆಗೆ ಸೇರಿದರು. ಆ ಕಾಲದಲ್ಲಿ ಬೆಳಗಾವಿ ಜಿಲ್ಲೆಯೂ ಅದೇ ಪ್ರಾಂತಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಭಾಗದ ಆಡಳಿತವು ಮುಂಬಯಿಯಿಂದಲೇ ನಡೆಯುತ್ತಿತ್ತು.

ಖಾನದೇಶದಲ್ಲಿ ಪಾಂಝರಾ ನದಿಯ ತಳದಲ್ಲಿ ಕೊಳವೆಯ ಮೂಲಕ ಕಾಲುವೆಯ ನೀರನ್ನು ದಾಟಿಸುವ ಕಾಮಗಾರಿಯನ್ನು ಅವರು ಮಳೆಗಾಲದ ಅಡಚಣೆಗಳ ನಡುವೆಯೂ ಪೂರ್ಣಗೊಳಿಸಿದರು. ಸಿಂಧ್ ಪ್ರದೇಶದ ಸುಕ್ಕೂರಿನಲ್ಲಿ ಕುಡಿಯುವ ನೀರಿನ ಯೋಜನೆಯನ್ನು ಕೈಗೊಂಡಾಗ, ಸೋಸುವ ದುಬಾರಿ ವ್ಯವಸ್ಥೆಗೆ ಬದಲಾಗಿ ನದಿಯ ಪಾತ್ರದಲ್ಲಿಯೇ ಬಾವಿ ತೋಡಿ, ಮರಳಿನ ಮೂಲಕ ಸಹಜವಾಗಿ ಸೋಸಿ ಬರುವ ನೀರನ್ನು ಬಳಸುವ ಕ್ರಮವನ್ನು ಅಳವಡಿಸಿದರು. ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ 1901ರಿಂದ 1903ರ ಅವಧಿಯಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸಲು ಇದರಿಂದ ಸಾಧ್ಯವಾಯಿತು. ಇರುವ ಸೌಕರ್ಯದಿಂದಲೇ ಹೆಚ್ಚಿನ ಪ್ರಯೋಜನ ಪಡೆಯುವ ಈ ಧೋರಣೆಯು ಅವರ ಎಲ್ಲ ಕಾಮಗಾರಿಗಳಲ್ಲಿಯೂ ಕಂಡುಬರುತ್ತದೆ.

ನೀರಾ ಕಾಲುವೆಯ ಬ್ಲಾಕ್ ಪದ್ಧತಿ

1899ರಲ್ಲಿ ಪುಣೆಯ ನೀರಾವರಿ ವಿಭಾಗದ ಕಾರ್ಯಪಾಲಕ ಅಭಿಯಂತರರಾದಾಗ ಅವರ ಮುಂದೆ ಬಂದ ಸಮಸ್ಯೆಯು ಬೇರೆ ಬಗೆಯದಾಗಿತ್ತು. ನೀರಾ ಕಾಲುವೆಯ ನೀರನ್ನು ರೈತರು ಅಲ್ಲಲ್ಲಿ ಚದುರಿದ ತಾಕುಗಳಲ್ಲಿ ಕಬ್ಬಿಗೆ ಹಾಯಿಸುತ್ತಿದ್ದರು. ಕಾಲುವೆಗೆ ಸಮೀಪದ ಹೊಲಗಳಲ್ಲಿ ನೀರು ಅತಿಯಾಗಿ ನಿಂತು ಭೂಮಿಯು ಜೌಗಾಗುತ್ತಿತ್ತು. ಕೊನೆಯ ಭಾಗದ ಹೊಲಗಳಿಗೆ ನೀರು ತಲುಪುತ್ತಿರಲಿಲ್ಲ. ನೀರಿನ ಒಟ್ಟು ಪ್ರಮಾಣವನ್ನು ಹೆಚ್ಚಿಸುವುದು ಸಾಧ್ಯವಿರಲಿಲ್ಲ. ಹಂಚಿಕೆಯ ಕ್ರಮವನ್ನು ಬದಲಿಸುವುದೊಂದೇ ಉಳಿದ ದಾರಿಯಾಗಿತ್ತು.

ಅವರು ಕಾಲುವೆಯ ಕೆಳಗಿನ ಜಮೀನುಗಳನ್ನು ಬ್ಲಾಕ್‌ಗಳಾಗಿ ವಿಂಗಡಿಸಿದರು. ಪ್ರತಿ ಬ್ಲಾಕ್‌ನಲ್ಲಿ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ ಕಬ್ಬನ್ನು ಬೆಳೆದು, ಉಳಿದ ಭಾಗದಲ್ಲಿ ಕಡಿಮೆ ನೀರು ಬೇಡುವ ಬೆಳೆಗಳನ್ನು ಸರದಿಯಂತೆ ಬೆಳೆಯುವ ಕ್ರಮವನ್ನು ಸೂಚಿಸಿದರು. ಇದಕ್ಕೆ ಪ್ರತಿಯಾಗಿ ಹಲವು ವರ್ಷಗಳವರೆಗೆ ನೀರಿನ ಪೂರೈಕೆಯ ಭರವಸೆ ನೀಡಲಾಯಿತು. ಅದೇ ನೀರು ಹೆಚ್ಚು ಗ್ರಾಮಗಳಿಗೆ, ಹೆಚ್ಚು ರೈತರಿಗೆ ತಲುಪಬೇಕೆಂಬುದು ಉದ್ದೇಶವಾಗಿತ್ತು.

ಯೋಜನೆಗೆ ಮೊದಲು ತೀವ್ರ ವಿರೋಧ ವ್ಯಕ್ತವಾಯಿತು. ಬಹುಕಾಲದಿಂದ ಯಥೇಚ್ಛವಾಗಿ ನೀರು ಬಳಸುತ್ತಿದ್ದವರು ತಮ್ಮ ಹಕ್ಕು ಹೋಗುವುದೆಂದು ಆತಂಕಗೊಂಡರು. ಪತ್ರಿಕೆಗಳಲ್ಲಿಯೂ ಟೀಕೆ ಬಂದಿತು. ವಿಶ್ವೇಶ್ವರಯ್ಯನವರು ರೈತರನ್ನು ಕಂಡು, ಯೋಜನೆಯನ್ನು ವಿವರಿಸಿ ಒಪ್ಪಿಸಿದ ಬಳಿಕವೇ ಅದು ನೆಲೆಗೊಂಡಿತು. 1901ರಲ್ಲಿ ನೇಮಕವಾದ ಭಾರತೀಯ ನೀರಾವರಿ ಆಯೋಗವು ಈ ಪದ್ಧತಿಯನ್ನು ಗಮನಿಸಿ ಮೆಚ್ಚಿತು.

ಮಿತವಾದ ಒಂದು ಸಂಪನ್ಮೂಲ, ಮೀರಬಾರದ ನಿಬಂಧನೆಗಳು, ಸಾಧಿಸಬೇಕಾದ ಒಂದು ಗುರಿ—ಈ ಮೂರೂ ಬ್ಲಾಕ್ ಪದ್ಧತಿಯಲ್ಲಿ ಸ್ಪಷ್ಟವಾಗಿ ಕಂಡುಬರುತ್ತವೆ. ಇದೇ ಬಗೆಯ ಸಮಸ್ಯೆಗಳನ್ನು ಬಿಡಿಸುವ ಗಣಿತ ಕ್ರಮವನ್ನು ರಷ್ಯಾದ ಲಿಯೊನಿಡ್ ಕಂಟೊರೊವಿಚ್ ಅವರು 1939ರಲ್ಲಿ, ಅಮೆರಿಕದ ಜಾರ್ಜ್ ಡಾಂಟ್ಜಿಗ್ ಅವರು 1947ರಲ್ಲಿ ರೂಪಿಸಿದರು. ಪುಣೆಯ ಲೆಕ್ಕವು ಅದಕ್ಕಿಂತ ಸುಮಾರು 40 ವರ್ಷ ಹಿಂದಿನದು. ಅದು ಸಮೀಕರಣಗಳ ರೂಪದಲ್ಲಿರಲಿಲ್ಲ. ಕ್ಷೇತ್ರ ಭೇಟಿ, ಅಳತೆ ಮತ್ತು ತಖ್ತೆಗಳ ರೂಪದಲ್ಲಿತ್ತು.

ಮೂಸಿ ನದಿಯ ನೆರೆ

1908ರಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ನಿಜಾಮ್ ಸರ್ಕಾರದ ಆಹ್ವಾನದಂತೆ 1909ರಲ್ಲಿ ಅವರು ಅಲ್ಲಿಗೆ ತೆರಳಿ, ಜಲಾನಯನ ಪ್ರದೇಶದ ಮಳೆಯ ಪ್ರಮಾಣವನ್ನೂ ನೆರೆಯ ಪ್ರಮಾಣವನ್ನೂ ಪರಿಶೀಲಿಸಿದರು. ನಗರದಿಂದ ಮೇಲ್ಭಾಗದಲ್ಲಿ ಜಲಾಶಯಗಳನ್ನು ನಿರ್ಮಿಸಿ ಪ್ರವಾಹವನ್ನು ತಡೆಹಿಡಿಯಬೇಕೆಂದು ಸಲಹೆ ನೀಡಿದರು. ಈ ಸಲಹೆಯ ಫಲವಾಗಿ ಮುಂದೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ನಿರ್ಮಾಣವಾದವು.

ನದಿಯು ಗರಿಷ್ಠವಾಗಿ ಎಷ್ಟು ಏರಬಲ್ಲದು ಎಂಬ ಲೆಕ್ಕವು ಹೆದ್ದಾರಿ ಸೇತುವೆಗಳಿಗೂ ಅತ್ಯಗತ್ಯ. ಸೇತುವೆಯನ್ನೂ ಅದರ ಕೂಡುರಸ್ತೆಯನ್ನೂ ಎತ್ತರಿಸಿದಷ್ಟೂ ವೆಚ್ಚವು ಏರುತ್ತದೆ. ತಗ್ಗಿಸಿದಷ್ಟೂ ನೆರೆಯಲ್ಲಿ ಸಂಚಾರ ನಿಲ್ಲುವ ಅಪಾಯ ಹೆಚ್ಚುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳಲ್ಲಿ ನಿಪ್ಪಾಣಿ ಸಮೀಪದ ಯಮಗರ್ಣಿಯ ಬಳಿ ವೇದಗಂಗಾ ನದಿಯ ನೀರು ಹೆದ್ದಾರಿಯನ್ನು ಆವರಿಸಿ ಸಂಚಾರ ಸ್ಥಗಿತಗೊಂಡುದನ್ನು ಈ ಭಾಗದ ನಾಗರಿಕರು ಬಲ್ಲರು. ಎಷ್ಟು ವರ್ಷಗಳಿಗೊಮ್ಮೆ ಬರುವ ನೆರೆಯನ್ನು ಆಧಾರವಾಗಿ ಹಿಡಿಯಬೇಕೆಂಬ ತೀರ್ಮಾನವು ಗಣಿತಕ್ಕಿಂತ ಮೊದಲು ಆಗಬೇಕಾದುದು.

ಮೈಸೂರಿನಲ್ಲಿ ಸೇವೆ

1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಅಭಿಯಂತರರಾದರು. 1912ರಿಂದ 1918ರವರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿ ಸೇವೆ ಸಲ್ಲಿಸಿದರು. ಈ ಅವಧಿಯಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹಾಗೂ 1917ರಲ್ಲಿ ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡವು.

1911ರಲ್ಲಿ ಆರಂಭವಾದ ಕೃಷ್ಣರಾಜ ಸಾಗರವು ಅವರ ಹೆಸರಿನೊಂದಿಗೆ ಸೇರಿಹೋಗಿರುವ ಕಾಮಗಾರಿಯಾಗಿದೆ. ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ವರ್ಷವಿಡೀ ಸಮಪ್ರಮಾಣದ ನೀರು, ಮಂಡ್ಯ ಭಾಗಕ್ಕೆ ನೀರಾವರಿ—ಹೀಗೆ ಒಂದೇ ಕಟ್ಟೆಯಿಂದ ಎರಡು ಉದ್ದೇಶಗಳನ್ನು ಸಾಧಿಸುವುದು ಯೋಜನೆಯ ಸ್ವರೂಪವಾಗಿತ್ತು. ಮದರಾಸು ಸರ್ಕಾರದ ಆಕ್ಷೇಪಣೆಯಿಂದಾಗಿ ಮೊದಲಿಗೆ ಕಡಿಮೆ ಎತ್ತರಕ್ಕೆ ಮಾತ್ರ ಅನುಮತಿ ದೊರೆಯಿತು. ಆದರೂ ವಿಶ್ವೇಶ್ವರಯ್ಯನವರು ಮುಂದೆ ಪೂರ್ಣ ಎತ್ತರಕ್ಕೆ ಏರಿಸಲು ಸಾಧ್ಯವಾಗುವಂತೆ ಅಡಿಪಾಯವನ್ನು ಅಗಲವಾಗಿಯೇ ಹಾಕಿಸಿದರು. ಅನುಮತಿಯು ದೊರೆಯದಿದ್ದರೆ ಆ ವೆಚ್ಚವು ವ್ಯರ್ಥವಾಗುತ್ತಿತ್ತು. ದೊರೆತ ಮೇಲೆ ಅಡಿಪಾಯವನ್ನು ಅಗಲಗೊಳಿಸುವುದು ಅಸಾಧ್ಯವಾಗುತ್ತಿತ್ತು. ಇಂದಿನ ವೆಚ್ಚವನ್ನೂ ನಾಳೆಯ ಅಗತ್ಯವನ್ನೂ ತೂಗಿ ಕೈಗೊಂಡ ತೀರ್ಮಾನವಿದು. ವಿವಾದವು 1924ರ ಒಪ್ಪಂದದಿಂದ ಇತ್ಯರ್ಥಗೊಂಡು, ಕಟ್ಟೆಯ ನಿರ್ಮಾಣವು 1930ರ ದಶಕದ ಆರಂಭದಲ್ಲಿ ಮುಗಿಯಿತು. ಹೆದ್ದಾರಿಗಳಿಗೆ ಇಂದಿನ ವಾಹನ ದಟ್ಟಣೆಗಿಂತ ಹೆಚ್ಚು ಅಗಲದ ಜಮೀನನ್ನು ಮೊದಲೇ ಪಡೆಯುವುದರ ಹಿಂದೆಯೂ ಇದೇ ಬಗೆಯ ವಿವೇಚನೆ ಇದೆ.

ಇದೇ ಕಾಮಗಾರಿಯು ಲೆಕ್ಕಾಚಾರದ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಕನ್ನಂಬಾಡಿ ಗ್ರಾಮವೂ ಅದರ ಸುತ್ತಲಿನ ಹಲವು ಗ್ರಾಮಗಳೂ ನೀರಿನಲ್ಲಿ ಮುಳುಗಿದವು. ಅಲ್ಲಿನ ಪ್ರಾಚೀನ ವೇಣುಗೋಪಾಲಸ್ವಾಮಿ ದೇವಾಲಯವೂ ಜಲಾವೃತವಾಯಿತು. ಸಾವಿರಾರು ಎಕರೆಗಳಿಗೆ ನೀರು ಬಂದುದು ಎಷ್ಟು ನಿಜವೋ, ಕೆಲವು ಊರುಗಳವರು ತಮ್ಮ ನೆಲವನ್ನು ಬಿಟ್ಟು ಹೊರಟುದೂ ಅಷ್ಟೇ ನಿಜ. ಒಟ್ಟು ಲಾಭವು ಒಟ್ಟು ನಷ್ಟಕ್ಕಿಂತ ಹೆಚ್ಚೆಂದು ಲೆಕ್ಕವು ತೋರಿಸಬಹುದು. ಆದರೆ ಲಾಭ ಪಡೆದವರು ಮತ್ತು ನಷ್ಟ ಹೊತ್ತವರು ಬೇರೆ ಬೇರೆಯವರಾಗಿದ್ದಾಗ ಪರಿಹಾರವು ಲೆಕ್ಕದ ಹೊರಗೆ ಉಳಿಯಬಾರದು.

ದಿವಾನಗಿರಿಯ ಕೊನೆಯಲ್ಲಿ ಇಂತಹುದೇ ಪ್ರಶ್ನೆಯು ಬೇರೊಂದು ಕ್ಷೇತ್ರದಲ್ಲಿ ಎದುರಾಯಿತು. ಸರ್ಕಾರಿ ಸೇವೆಯಲ್ಲಿ ಹಿಂದುಳಿದ ವರ್ಗಗಳಿಗೆ ಸೂಕ್ತ ಪ್ರಾತಿನಿಧ್ಯ ದೊರೆಯುವಂತೆ ಮಾಡಲು ಮಹಾರಾಜರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಸೇವೆಯ ದಕ್ಷತೆಗೆ ಧಕ್ಕೆಯಾಗಬಾರದು, ಶಿಕ್ಷಣದ ವಿಸ್ತರಣೆಯೇ ಇದಕ್ಕೆ ಪರಿಹಾರವೆಂಬುದು ವಿಶ್ವೇಶ್ವರಯ್ಯನವರ ನಿಲುವಾಗಿತ್ತು. ಈ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲಿ ಅವರು 1918ರ ಅಂತ್ಯದಲ್ಲಿ ದಿವಾನ ಪದವಿಯನ್ನು ತ್ಯಜಿಸಿದರು. ಸಮಿತಿಯ ವರದಿಯ ಆಧಾರದ ಮೇಲೆ ಮೈಸೂರು ಸರ್ಕಾರವು ಮೀಸಲಾತಿಯನ್ನು ಜಾರಿಗೆ ತಂದು ದೇಶಕ್ಕೆ ಮೊದಲ ಮಾದರಿಗಳಲ್ಲಿ ಒಂದಾಯಿತು. ದಕ್ಷತೆಯೊಂದನ್ನೇ ಗುರಿಯಾಗಿಟ್ಟರೆ ಬರುವ ಉತ್ತರ ಒಂದು, ಹಂಚಿಕೆಯ ನ್ಯಾಯವನ್ನೂ ಸೇರಿಸಿದರೆ ಬರುವ ಉತ್ತರ ಇನ್ನೊಂದು ಎಂಬುದನ್ನು ಈ ಘಟನೆಯು ತಿಳಿಸುತ್ತದೆ.

ಗಂಗಾ ನದಿಯ ಸೇತುವೆಗೆ ಸ್ಥಳ ನಿರ್ಧಾರ

ಅನಂತರದ ವರ್ಷಗಳಲ್ಲಿ ಅವರು ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿ ದುಡಿದರು. 1934ರಲ್ಲಿ ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಅದೇ 1934ರಲ್ಲಿ ರಸ್ತೆಗಳ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯೂ ದೇಶದಲ್ಲಿ ಸ್ಥಾಪನೆಯಾಯಿತು.

ಹೆದ್ದಾರಿ ವಿನ್ಯಾಸಕ್ಕೆ ಅತ್ಯಂತ ಸಮೀಪವಾದ ಅವರ ಕಾರ್ಯವು 90 ವರ್ಷ ದಾಟಿದ ಮೇಲೆ ನಡೆದುದು ಗಮನಾರ್ಹ. ಬಿಹಾರದಲ್ಲಿ ಗಂಗಾ ನದಿಯ ಉತ್ತರ ಮತ್ತು ದಕ್ಷಿಣ ದಡಗಳನ್ನು ಜೋಡಿಸುವ ಸೇತುವೆಯನ್ನು ಯಾವ ಸ್ಥಳದಲ್ಲಿ ಕಟ್ಟಬೇಕೆಂಬ ಪ್ರಶ್ನೆಯನ್ನು ಕೇಂದ್ರ ಸರ್ಕಾರವು 1952ರಲ್ಲಿ ಅವರ ಪರಿಶೀಲನೆಗೆ ಒಪ್ಪಿಸಿತು. ಅವರು ಆ ಪ್ರದೇಶಕ್ಕೆ ಸ್ವತಃ ಭೇಟಿ ನೀಡಿ, ಮೊಕಾಮಾದ ಬಳಿಯ ಸ್ಥಳವೇ ಯೋಗ್ಯವೆಂದು ಶಿಫಾರಸು ಮಾಡಿದರು. ಇಂತಹ ಆಯ್ಕೆಯಲ್ಲಿ ನದಿಯ ಅಗಲ, ದಡಗಳ ದೃಢತೆ, ಪ್ರವಾಹದ ದಿಕ್ಕು, ಎರಡೂ ಬದಿಯ ರಸ್ತೆ ಮತ್ತು ರೈಲುಮಾರ್ಗಗಳಿಗೆ ಇರುವ ದೂರ, ಮುಂದೆ ಬೆಳೆಯಬಹುದಾದ ಸಂಚಾರ—ಇವೆಲ್ಲವನ್ನೂ ಒಟ್ಟಿಗೆ ತೂಗಬೇಕಾಗುತ್ತದೆ. ಸುಮಾರು 2 ಕಿಲೋಮೀಟರ್ ಉದ್ದದ, ರಸ್ತೆ ಮತ್ತು ರೈಲು ಎರಡಕ್ಕೂ ಉಪಯುಕ್ತವಾದ ಈ ಸೇತುವೆಯು 1959ರಲ್ಲಿ ಸಂಚಾರಕ್ಕೆ ತೆರೆಯಿತು. ಇದಕ್ಕೆ ರಾಜೇಂದ್ರ ಸೇತು ಎಂದು ಹೆಸರಿಡಲಾಗಿದೆ.

1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಲಾಯಿತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷಗಳನ್ನು ಪೂರೈಸಿದ ತರುವಾಯ, ಅವರು ಬೆಂಗಳೂರಿನಲ್ಲಿ ನಿಧನರಾದರು. ಅವರ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಭಾರತದಲ್ಲಿ ಅಭಿಯಂತರರ ದಿನವನ್ನಾಗಿ ಆಚರಿಸಲಾಗುತ್ತಿದೆ.

ಇಂದಿನ ಹೆದ್ದಾರಿ ವಿನ್ಯಾಸ

ರಸ್ತೆಯ ಮಾರ್ಗವನ್ನು ಗಣಿತದಿಂದ ನಿರ್ಧರಿಸುವ ವಿಚಾರವು ಹಳೆಯದು. ಒಂದು ಕಡೆ ಕಡಿದ ಮಣ್ಣನ್ನು ಇನ್ನೊಂದು ಕಡೆ ತುಂಬಲು ಅತಿ ಕಡಿಮೆ ಸಾಗಣೆಯಲ್ಲಿ ಹೇಗೆ ಒಯ್ಯಬೇಕೆಂಬ ಪ್ರಶ್ನೆಯನ್ನು ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೋಂಜ್ ಅವರು 1781ರ ಪ್ರಬಂಧದಲ್ಲಿಯೇ ಎತ್ತಿದ್ದರು. ದಿಬ್ಬವನ್ನು ಕಡಿದ ಮಣ್ಣು ಸಮೀಪದ ತಗ್ಗಿಗೆ ಸರಿಹೊಂದಿದರೆ ಹೊರಗಿನಿಂದ ಮಣ್ಣು ತರುವ ವೆಚ್ಚವೂ, ಉಳಿದ ಮಣ್ಣನ್ನು ಎಸೆಯುವ ವೆಚ್ಚವೂ ಉಳಿಯುತ್ತದೆ.

ಘಟ್ಟದ ರಸ್ತೆಯಲ್ಲಿ ಏರಿನ ಪ್ರಮಾಣವು ಮುಖ್ಯ. ಉದಾಹರಣೆಗೆ, 100 ಮೀಟರ್ ಎತ್ತರವನ್ನು 20ಕ್ಕೆ 1ರ ಏರಿನಲ್ಲಿ ಹತ್ತಲು 2,000 ಮೀಟರ್ ಉದ್ದದ ರಸ್ತೆ ಬೇಕು. 30ಕ್ಕೆ 1ರ ಏರಿನಲ್ಲಿ ಹತ್ತಲು 3,000 ಮೀಟರ್ ಬೇಕು. ಮೊದಲನೆಯದಕ್ಕೆ ಕಡಿಮೆ ಭೂಮಿ ಸಾಕು, ಆದರೆ ಭಾರ ಹೊತ್ತ ಪ್ರತಿ ಲಾರಿಯೂ ದಿನನಿತ್ಯ ಕಡಿದಾದ ಏರನ್ನು ಎದುರಿಸಬೇಕು. ಎರಡನೆಯದು ಸುಗಮ, ಆದರೆ ಅದಕ್ಕೆ ಹೆಚ್ಚು ಭೂಮಿಯೂ ಹೆಚ್ಚು ನಿರ್ಮಾಣ ವೆಚ್ಚವೂ ಬೇಕು. ನಿರ್ಮಾಣದ ವೆಚ್ಚವು ಒಮ್ಮೆ ಬರುವಂಥದು. ಇಂಧನದ ವೆಚ್ಚ, ವ್ಯಯವಾಗುವ ಸಮಯ ಮತ್ತು ಅಪಘಾತದ ನಷ್ಟಗಳು ರಸ್ತೆ ಇರುವವರೆಗೂ ಬರುವಂಥವು.

ಈಗ ಭೂಮಾಪನದ ವಿವರಗಳನ್ನು ಗಣಕಯಂತ್ರಕ್ಕೆ ನೀಡಿ, ರಸ್ತೆಯನ್ನು ಚಿಕ್ಕ ಚಿಕ್ಕ ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದಲ್ಲಿಯೂ ಸಾಧ್ಯವಿರುವ ಹಲವು ಎತ್ತರಗಳನ್ನೂ ತಿರುವುಗಳನ್ನೂ ಪರೀಕ್ಷಿಸಲಾಗುತ್ತದೆ. ಅಮೆರಿಕದ ರಿಚರ್ಡ್ ಬೆಲ್‌ಮನ್ ಅವರು 1950ರ ದಶಕದಲ್ಲಿ ರೂಪಿಸಿದ ಹಂತ ಹಂತದ ಗಣನಾ ಕ್ರಮವು ಇದಕ್ಕೆ ನೆರವಾಗುವ ವಿಧಾನಗಳಲ್ಲೊಂದು. ಮೊದಲಿನ ಹಂತದವರೆಗಿನ ಅತಿ ಕಡಿಮೆ ವೆಚ್ಚವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಹಂತವನ್ನು ಆರಿಸುವುದರಿಂದ ಎಲ್ಲ ಮಾರ್ಗಗಳನ್ನೂ ಒಂದೊಂದಾಗಿ ಲೆಕ್ಕಹಾಕುವ ಅಗತ್ಯ ಬರುವುದಿಲ್ಲ.

ಆದರೆ ಯಂತ್ರವು ತನಗೆ ನೀಡಿದ ವೆಚ್ಚಗಳನ್ನು ಮಾತ್ರ ತೂಗುತ್ತದೆ. ರಸ್ತೆಯು ಜಮೀನನ್ನು ಎರಡಾಗಿ ಸೀಳಿ ಬಾವಿಯು ಒಂದು ಬದಿಗೆ, ಹೊಲವು ಇನ್ನೊಂದು ಬದಿಗೆ ಉಳಿದರೆ, ಅಥವಾ ಮಕ್ಕಳು ಶಾಲೆಗೆ ಹೆದ್ದಾರಿಯನ್ನು ದಾಟಬೇಕಾಗಿ ಬಂದರೆ, ಆ ಸಂಗತಿಯನ್ನು ಯಾರಾದರೂ ತಿಳಿಸಿದ ಹೊರತು ಅದು ಲೆಕ್ಕಕ್ಕೆ ಸೇರುವುದಿಲ್ಲ. ನೀರಾ ಕಾಲುವೆಯ ರೈತರನ್ನು ಕಂಡು ಮಾತನಾಡಿದ ಬಳಿಕವೇ ಬ್ಲಾಕ್ ಪದ್ಧತಿಯು ನೆಲೆಗೊಂಡುದನ್ನು ಇಲ್ಲಿ ಸ್ಮರಿಸಬಹುದು.

ಸಾರ್ವಜನಿಕರ ಗಮನಕ್ಕೆ

ರಾಷ್ಟ್ರೀಯ ಹೆದ್ದಾರಿಗಳ ಅಧಿನಿಯಮ, 1956ರ ಕಲಂ 3ಎ ಅಡಿಯಲ್ಲಿ ಭೂಸ್ವಾಧೀನದ ಅಧಿಸೂಚನೆ ಪ್ರಕಟವಾದ ದಿನಾಂಕದಿಂದ 21 ದಿನಗಳೊಳಗೆ ಜಮೀನಿನಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ ಸಕ್ಷಮ ಪ್ರಾಧಿಕಾರಿಗೆ ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಬಹುದು. ಆಕ್ಷೇಪಣೆಯಲ್ಲಿ ಕಾರಣಗಳನ್ನು ನಮೂದಿಸತಕ್ಕದ್ದು. ಪ್ರಾಧಿಕಾರಿಯು ಆಕ್ಷೇಪಣೆದಾರರಿಗೆ ತಮ್ಮ ವಾದವನ್ನು ಮಂಡಿಸಲು ಅವಕಾಶ ನೀಡಬೇಕಾಗುತ್ತದೆ. ಪರಿಹಾರದ ಮೊತ್ತವು ಒಪ್ಪಿಗೆಯಾಗದಿದ್ದಲ್ಲಿ ಮಧ್ಯಸ್ಥಿಕೆದಾರರ ಮುಂದೆ ಹೋಗಲು ಅಧಿನಿಯಮದಲ್ಲಿಯೇ ಅವಕಾಶವಿದೆ.

ಆಕ್ಷೇಪಣೆ ಸಲ್ಲಿಸುವವರು ಸರ್ವೆ ಸಂಖ್ಯೆ, ವಿಸ್ತೀರ್ಣ, ಬಾವಿ, ಕೊಳವೆ ಬಾವಿ, ಮರ, ಕಟ್ಟಡ ಹಾಗೂ ಹೊಲಕ್ಕೆ ಹೋಗುವ ದಾರಿಯ ವಿವರಗಳನ್ನು ನಕ್ಷೆಯೊಂದಿಗೆ ನೀಡುವುದು ಸೂಕ್ತ. ಸ್ಥಳದಲ್ಲಿ ವಾಸಿಸುವವರು ಮಾತ್ರ ಬಲ್ಲ ಇಂತಹ ಸಂಗತಿಗಳು ಕಾಲಮಿತಿಯೊಳಗೆ ದಾಖಲೆಗೆ ಬಂದಾಗ ಮಾತ್ರ ಮಾರ್ಗ ಆಯ್ಕೆಯ ಲೆಕ್ಕವು ಪೂರ್ಣವಾಗುತ್ತದೆ.